ಗಾಜಿನ ಕೋಣೆಯಲ್ಲಿ ಆಡಿದ ಮಾತು

"ಈ ಕಲ್ಲು ಒರೆಸಿದ್ದು ಯಾರು?"

ಇನ್ಸ್‌ಪೆಕ್ಟರಮ್ಮ ಎರಡು ಸೇರಿನ ಕಬ್ಬಿಣದ ತೂಕದ ಕಲ್ಲನ್ನು ಮೇಜಿನ ಮೇಲೆ ಕುಕ್ಕಿದಳು. ಅಲ್ಲಿದ್ದ ಪೆನ್ನುಗಳೆಲ್ಲ ಒಮ್ಮೆ ಎಗರಿ ಬಿದ್ದವು. ಎದುರು ಕೂತ ಚಿಕ್ಕ ಸಾಹುಕಾರ ಮಾತ್ರ ಅಲುಗಾಡಲಿಲ್ಲ.

ನಾಲ್ಕು ದಿನದ ಹಿಂದೆ, ಮಿಲ್ಲಿನ ಇದೇ ಗಾಜಿನ ಕೋಣೆಯಲ್ಲಿ, ಇದೇ ಕಲ್ಲಿನಿಂದ ಯಾರೋ ಅವನ ಅಣ್ಣ ದೊಡ್ಡ ಸಾಹುಕಾರನ ತಲೆ ಒಡೆದಿದ್ದರು.

"ಕಲ್ಲಿಗೆ ಧೂಳು ಹಿಡಿಯುತ್ತೆ, ಆಳುಗಳು ಒರೆಸ್ತಾರೆ," ಎಂದ ಅವನು. "ಮನೆಗೆಲಸದ ಲೆಕ್ಕಾನೂ ಪೊಲೀಸರಿಗೆ ಕೊಡಬೇಕಾ?"

"ಧೂಳಲ್ಲ, ಹತ್ತಿ ಎಳೆ. ಈ ಮಿಲ್ಲಲ್ಲಿ ಒಂದು ಲೋಟ ನೀರು ಅರ್ಧ ಗಂಟೆ ಬಿಟ್ಟರೆ ಮೇಲೆ ಎಳೆ ಕೂತಿರುತ್ತೆ. ಅವತ್ತು ನಾವು ಬಂದಾಗ ಮೇಜಿನ ಮೇಲೆ ಎಳೆ, ಗಡಿಯಾರದ ಮೇಲೆ ಎಳೆ, ಸತ್ತವರ ರೆಪ್ಪೆ ಮೇಲೂ ಎಳೆ. ಈ ಕಲ್ಲೊಂದು ಮಾತ್ರ ಆಗ ತಾನೆ ಸ್ನಾನ ಮಾಡಿ ಬಂದ ಹಾಗಿತ್ತು."

ಆ ಕಲ್ಲಿನ ಕಥೆ ಊರಿನ ಮಕ್ಕಳಿಗೂ ಬಾಯಿಪಾಠ. ಹೊಳೆ ತಿರುಗುವ ಕಡೆ ಬರೀ ಮುಳ್ಳುಗಿಡ ಇದ್ದ ಕಾಲಕ್ಕೆ ಮನೆತನದ ಮೊದಲಿಗ, ಊರವರ ಬಾಯಲ್ಲಿ ಉಪ್ಪಿನಜ್ಜ, ಎರಡು ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಬಂದಿದ್ದ. ಒಂದು ತಕ್ಕಡಿ, ಈ ಒಂದು ಕಲ್ಲು. ಅವನ ಆಸ್ತಿ ಅಷ್ಟೇ. ಉಪ್ಪು ಮಾರುತ್ತ ಬಟ್ಟೆ ಮಾರಿದ, ಬಟ್ಟೆ ಮಾರುತ್ತ ಹತ್ತಿ ಕೊಂಡ, ಕೊನೆಗೆ ಹೊಳೆಗೆ ಒಡ್ಡು ಕಟ್ಟಿ ಮಿಲ್ಲನ್ನೇ ಎಬ್ಬಿಸಿದ. ಮಿಲ್ಲಿಗೆ ಕೈಗಳು ಬೇಕು, ಕೈಗಳಿಗೆ ಸೂರು ಬೇಕು. ಎಂಟು ಸಾಲು ಮನೆ ಎದ್ದವು. ಶಾಲೆ, ದವಾಖಾನೆ, ಬೀದಿ ನಲ್ಲಿ ಎಲ್ಲವೂ ಮನೆತನದ್ದೇ. ಊರು ಮಿಲ್ಲಿನ ಸಿಳ್ಳೆಗೆ ಏಳುತ್ತಿತ್ತು, ಸಿಳ್ಳೆಗೆ ಉಣ್ಣುತ್ತಿತ್ತು.

ಮುಂದಿನ ತಿಂಗಳು ಮಿಲ್ಲಿಗೆ ನೂರು ವರ್ಷ. ಆ ಸಭೆಗೆಂದೇ ಕಲ್ಲನ್ನು ಪೆಟ್ಟಿಗೆಯಿಂದ ತೆಗೆದು ಹಿಂಬಾಗಿಲ ಹತ್ತಿರದ ಕಪಾಟಿನ ಪಕ್ಕ ಇಟ್ಟಿದ್ದರು. ಅದು ಅಜ್ಜನ ಮೊಮ್ಮಗನ ತಲೆಗೇ ಬಂತು.

"ಸರಿ, ಕಲ್ಲು ಬಿಡಿ," ಎಂದಳು ಇನ್ಸ್‌ಪೆಕ್ಟರಮ್ಮ. "ಕೋಟಿನ ಮಾತಾಡೋಣ. ಅವತ್ತು ನಾಲ್ಕು ಗಂಟೆಗೆ ಎಲ್ಲಿದ್ರಿ?"

"ಎಷ್ಟು ಸಲ ಹೇಳಲಿ? ಹತ್ತಿ ಗೋದಾಮಲ್ಲಿದ್ದೆ. ನಾಲ್ಕೂವರೆಗೆ ಇಲ್ಲಿ ಬಂದೆ, ಅಣ್ಣ ಬಿದ್ದಿದ್ದ, ಕೂಗಿಕೊಂಡೆ."

"ಗೋದಾಮಿಂದ ನೇರವಾಗಿ?"

"ನೇರವಾಗಿ."

"ಗೋದಾಮಿಗೆ ಹೋಗಿ ಬಂದೋರು ಹುಬ್ಬಿನ ತನಕ ಬೆಳ್ಳಗಾಗಿರ್ತಾರೆ. ನಮ್ಮ ಹೆಡ್ ಕಾನ್‌ಸ್ಟೇಬಲ್‌ಗೆ ಬೇರೆಯವರ ಒಳ್ಳೆ ಬಟ್ಟೆ ಕಂಡರೆ ಸ್ವಲ್ಪ ಹೊಟ್ಟೆಕಿಚ್ಚು. ಮೊದಲನೇ ದಿನವೇ ಬರೆದಿಟ್ಟಿದ್ದಾರೆ ನೋಡಿ. 'ಕಪ್ಪು ಕೋಟು, ಹೊಸದು, ಕಲೆ ಇಲ್ಲ, ಎಳೆ ಇಲ್ಲ.' ಒಂದೇ ಒಂದು ಎಳೆ ಇಲ್ಲ, ಸಾಹುಕಾರ್ರೇ."

ಬಾಗಿಲ ಹತ್ತಿರ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಗಂಟಲು ಸರಿಮಾಡಿಕೊಂಡ. ಚಿಕ್ಕ ಸಾಹುಕಾರ ಮೊದಲ ಸಲ ಕಲ್ಲಿನ ಕಡೆ ನೋಡಿದ. ಅವನ ಕುತ್ತಿಗೆಯ ನರ ಉಬ್ಬಿತ್ತು.

ಇನ್ಸ್‌ಪೆಕ್ಟರಮ್ಮನಿಗೆ ಆ ನರ ನೋಡಿ ಹಿತವಾಯಿತು. ಸುಳ್ಳು ಯಾಕೆ ಹೇಳಬೇಕು, ಬಹಳ ಹಿತವಾಯಿತು. ಇಪ್ಪತ್ತೈದು ವರ್ಷ ಆ ಕುತ್ತಿಗೆಗಾಗಿ ಕಾದಿದ್ದಳು.

"ಒರೆಸಿದ್ದು ನಾನು," ಎಂದ ಅವನು.

"ಹೊಡೆದದ್ದು?"

"ನಾನಲ್ಲ."

"ಹೊಡೆಯದೇ ಇರೋನು ಕಲ್ಲು ಯಾಕೆ ಒರೆಸ್ತಾನೆ?"

ಅವನು ಕಲ್ಲಿನಿಂದ ಕಣ್ಣು ತೆಗೆದ.

"ಯಾರನ್ನ ಉಳಿಸೋಕೆ ಹೊರಟಿದ್ದೀರಿ?"

ಅವನು ಕೈ ಕಟ್ಟಿಕೊಂಡು ನೆಲ ನೋಡುತ್ತ ಕೂತ. ಹೊಡೆದರೂ ಬಡಿದರೂ ಇನ್ನು ಬಾಯಿ ಬಿಡುವವನಲ್ಲ ಎಂಬುದು ಆ ಕೂತ ರೀತಿಯಲ್ಲೇ ತಿಳಿಯುತ್ತಿತ್ತು. ಇಂಥ ಮೌನವನ್ನು ಅವಳು ಹಿಂದೆ ಒಮ್ಮೆ ನೋಡಿದ್ದಳು. ಎಲ್ಲಿ ಎಂದು ಯೋಚಿಸುವಷ್ಟು ತಾಳ್ಮೆ ಅವಳಿಗೆ ಆಗ ಇರಲಿಲ್ಲ.

"ಯಾರೂ ಇಲ್ಲ, ಅಲ್ವಾ? ನೀವೇ ಒರೆಸಿದ್ರಿ, ನೀವೇ ಹೊಡೆದ್ರಿ. ಅಣ್ಣ ನೂರು ವರ್ಷದ ಸಭೇಲಿ ಏನೋ ಹೇಳಬೇಕು ಅಂತಿದ್ರು. ಅದು ನಿಮಗೆ ಬೇಡವಾಗಿತ್ತು."

ಅವನು ತಲೆ ಎತ್ತಿದ. "ಅಣ್ಣ ಏನು ಹೇಳಬೇಕು ಅಂತಿದ್ದ ಅಂತ ನಿಮಗೆ ಯಾರು ಹೇಳಿದ್ರು? ಆ ಮಾತು ಈ ಕೋಣೆ ದಾಟಿ ಹೋಗಿಲ್ಲ."

ಇನ್ಸ್‌ಪೆಕ್ಟರಮ್ಮ ನಾಲಿಗೆ ಕಚ್ಚಿಕೊಂಡಳು. ಅವಸರ ಮಾಡಿಬಿಟ್ಟಿದ್ದಳು.

ಅವನು ಎದ್ದು ನಿಂತು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ನಕ್ಕ. ಸುದ್ದಿ ಗೊತ್ತಿದ್ದೂ ಇಷ್ಟು ಹೊತ್ತು ಬಚ್ಚಿಟ್ಟುಕೊಂಡವನ ನಗು ಅದು.

"ಮೊದಲನೇ ದಿನ ನೀವು ಕೆಳಗೆ ಮಗ್ಗದ ಮನೆಗೆ ಕಾಲಿಟ್ಟಾಗ ನಾನು ಇಲ್ಲಿಂದ ನೋಡ್ತಾ ಇದ್ದೆ. ಹೊಸ್ತಿಲು ದಾಟೋ ಮುಂಚೆ ನಿಮ್ಮ ಕೈ ತಾನೇ ತಾನಾಗಿ ಹಿಂದೆ ಹೋಯ್ತು. ಜಡೆ ಹಿಡಿದು ಕುಪ್ಪಸದ ಒಳಗೆ ಸಿಕ್ಕಿಸಿಕೊಂಡ್ರಿ. ಮಗ್ಗಕ್ಕೆ ಜಡೆ ಸಿಕ್ಕಿ ಸತ್ತೋರನ್ನ ಕಂಡ ಹೆಂಗಸರು ಮಾತ್ರ ಹಾಗೆ ಮಾಡ್ತಾರೆ. ಹೊರಗಿನ ಯಾವ ಇನ್ಸ್‌ಪೆಕ್ಟರೂ ಮಾಡಲ್ಲ."

ಅವಳ ಕೈ ಮತ್ತೆ ಜಡೆಯ ಕಡೆ ಹೋಗಿ ನಡುದಾರಿಯಲ್ಲೇ ನಿಂತಿತು.

"ಆಮೇಲೆ ಮುಖ ಸರಿಯಾಗಿ ನೋಡಿದೆ," ಎಂದ. ಈಗ ಅವನ ಬಾಯಲ್ಲಿ ಬಹುವಚನ ಬಿದ್ದುಹೋಗಿತ್ತು. "ಅದೇ ಮೂಗು. ನೀನು ಮೇಸ್ತ್ರಿ ಮಗಳು. ಒಂಬತ್ತು ಜನ ಹೆಂಗಸರನ್ನ ಒಳಗೆ ಕೂಡಿ ಹಾಕಿ ಸುಟ್ಟೋನ ಮಗಳು. ಈ ಕೇಸು ಹಿಡಿಯೋಕೆ ನಿನಗೆ ಹಕ್ಕೇ ಇಲ್ಲ. ನಾಳೆ ಬೆಳಿಗ್ಗೆ ನಿನ್ನ ಮೇಲಿನೋರಿಗೆ ಒಂದು ಕಾಗದ ಬರೆದರೆ ನಿನ್ನ ಕೈಯಿಂದ ಕಿತ್ತುಕೊಳ್ತಾರೆ."

"ನಾಳೆ ಬೆಳಿಗ್ಗೆ ತಾನೆ?" ಎಂದಳು ಅವಳು. ಧ್ವನಿ ನಡುಗಲಿಲ್ಲ, ಅದೊಂದು ಅವಳ ಪುಣ್ಯ. "ಇವತ್ತು ಇನ್ನೂ ಇದೆ."

ಇಪ್ಪತ್ತೈದು ವರ್ಷದ ಹಿಂದೆ, ಅವಳಿಗೆ ಒಂಬತ್ತು ವರ್ಷವಿದ್ದಾಗ, ಮಗ್ಗದ ಮನೆಗೆ ಬೆಂಕಿ ಬಿದ್ದಿತ್ತು. ಹಿಂದಿನ ಬಾಗಿಲಿಗೆ ಹೊರಗಿನಿಂದ ಬೀಗ. ಬೀಗದ ಕೀಲಿ ಇರಬೇಕಾದದ್ದು ಮೇಸ್ತ್ರಿಯ ಹತ್ತಿರ. ಅವಳ ಅಪ್ಪ ಮೇಸ್ತ್ರಿ.

"ಆ ಹೊತ್ತಿಗೆ ಕೀಲಿ ನನ್ನ ಹತ್ರ ಇರಲಿಲ್ಲ" ಎಂದು ಅಪ್ಪ ಕೋರ್ಟಿನಲ್ಲಿ ಹೇಳಿದ. ಮತ್ತೆ ಯಾರಿಗೆ ಕೊಟ್ಟಿದ್ದೆ ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಮೇಸ್ತ್ರಿಯೇ ಬೀಗ ಹಾಕಿದ್ದನ್ನು ಕಣ್ಣಾರೆ ಕಂಡೆ ಎಂದು ಸಾಕ್ಷಿ ಹೇಳಿದವನು ಈ ಚಿಕ್ಕ ಸಾಹುಕಾರ. ಅಪ್ಪ ಜೈಲಿಗೆ ಹೋದ, ಮೂರನೇ ವರ್ಷಕ್ಕೆ ಅಲ್ಲೇ ಸತ್ತ. ಕೋಣೆ ನಂಬರ್ ಹದಿನಾಲ್ಕು. ಅವಳು ಪೊಲೀಸ್ ಕೆಲಸಕ್ಕೆ ಸೇರಿದ ಮೊದಲ ವಾರವೇ ಹೋಗಿ ಆ ಕೋಣೆ ನೋಡಿ ಬಂದಿದ್ದಳು. ಈ ಮನುಷ್ಯನನ್ನು ಅದೇ ಕೋಣೆಯಲ್ಲಿ, ಅದೇ ಗೋಡೆಗೆ ಒರಗಿಸಿ ಕೂರಿಸಬೇಕು ಎಂಬುದೇ ಅವಳ ಬದುಕಿನ ಒಂದು ಆಸೆ. ನ್ಯಾಯ ಗೀಯ ಎಲ್ಲ ಆಮೇಲಿನ ಮಾತು.

ಆ ಆಸೆಗೆ ಎಣ್ಣೆ ಹೊಯ್ಯುತ್ತ ಬಂದವಳು ಅಮ್ಮ. ಅವಳೂ ಇಲ್ಲಿ ಮಗ್ಗ ನಡೆಸಿದವಳೇ. ಬೆಂಕಿ ಬಿದ್ದ ದಿನ ಜ್ವರವೆಂದು ಮನೆಯಲ್ಲಿ ಉಳಿದಿದ್ದಳಂತೆ, ಅದಕ್ಕೇ ಬದುಕಿದಳಂತೆ. ಈಗ ನಗರದಲ್ಲಿ ಮಗಳ ಜೊತೆ ಇದ್ದಾಳೆ. ಊರು ಬಿಟ್ಟು ಇಷ್ಟು ವರ್ಷವಾದರೂ ಮಿಲ್ಲಿನ ಸಿಳ್ಳೆ ಅವಳ ಮೈಯಿಂದ ಹೋಗಿಲ್ಲ. ಹನ್ನೆರಡು ಹೊಡೆದರೆ ಎಲ್ಲಿದ್ದರೂ ಕೈ ತೊಳೆದು ಊಟಕ್ಕೆ ಕೂರುತ್ತಾಳೆ. ಈ ಕೇಸು ಶುರುವಾದಾಗಿನಿಂದ ಊಟಕ್ಕೆ ಮುಂಚೆ ಮಗಳಿಗೆ ಒಂದು ಫೋನು, ಒಂದೇ ಪ್ರಶ್ನೆ: "ಅವನನ್ನ ಹಿಡಿದ್ಯಾ?"

ಕೋಣೆಯ ಹಿಂಬದಿಯ ಬಾಗಿಲು ತೆರೆಯಿತು. ಅಂಗಳದಿಂದ ಕಬ್ಬಿಣದ ಮೆಟ್ಟಿಲು ಹತ್ತಿ ಬಂದವರು ಅಮ್ಮನವರು, ಸಾಹುಕಾರರ ತಾಯಿ. ಉಪ್ಪಿನಜ್ಜನ ಸೊಸೆ. ಎಪ್ಪತ್ತು ದಾಟಿದ, ಮಗನ ಎದೆಮಟ್ಟದ ಜೀವ. ಮೂರು ಮೆಟ್ಟಿಲು ಹತ್ತಿದರೆ ಅವರಿಗೆ ಏದುಸಿರು ಬರುತ್ತದೆ ಎಂದು ಮನೆಯವರೆಲ್ಲ ಹೇಳಿಕೆ ಕೊಟ್ಟಿದ್ದರು.

ಈ ಮೆಟ್ಟಿಲು ಇಪ್ಪತ್ತೆರಡು. ಅಮ್ಮನವರ ಕೈಯಲ್ಲಿ ಕೋಲಿತ್ತು, ಆದರೆ ನೆಲಕ್ಕೆ ತಾಗಿರಲಿಲ್ಲ.

"ಒಬ್ಬ ಮಗ ಹೋಗಿ ನಾಲ್ಕು ದಿನ ಆಯ್ತು," ಎಂದರು ಅವರು, ಗಾಜಿನ ಗೋಡೆಗೆ ಬೆನ್ನು ಹಾಕಿ ನಿಂತು. "ಇನ್ನೊಬ್ಬನ್ನ ಕೇಳೋಕೆ ಬಂದಿದ್ದೀಯಾ, ಹುಡುಗಿ?"

"ಕೇಳೋಕಲ್ಲ, ಅಮ್ಮನವರೇ. ಕರ್ಕೊಂಡು ಹೋಗೋಕೆ."

"ಅವನು ಇರುವೆ ತುಳಿಯೋನಲ್ಲ."

"ಇರುವೆ ತುಳಿಯಲ್ಲ. ಸುಳ್ಳು ಸಾಕ್ಷಿ ಹೇಳ್ತಾರೆ ಅಷ್ಟೆ." ಅವಳು ಕಲ್ಲನ್ನು ಎತ್ತಿ ಹೆಡ್ ಕಾನ್‌ಸ್ಟೇಬಲ್‌ನ ಕೈಗೆ ಕೊಟ್ಟಳು. "ಹತ್ತು ನಿಮಿಷ ಕೊಡ್ತೀನಿ. ತಾಯಿ ಮಗ ಮಾತಾಡ್ಕೊಳ್ಳಿ. ಆಮೇಲೆ ಸ್ಟೇಷನ್ನು. ಈ ಕೋಣೇಲಿ ಆಡಿದ ಮಾತು ಹೊರಗೆ ಯಾರಿಗೂ ಕೇಳಿಸಲ್ಲ ಅಂತ ನಿಮಗೇ ಗೊತ್ತಲ್ಲ."

ಹೇಳಿ ಒಳಗಿನ ಮೆಟ್ಟಿಲಿಳಿದು ಮಗ್ಗದ ಮನೆಗೆ ನಡೆದಳು. ಹೊಸ್ತಿಲಲ್ಲಿ ಜಡೆಯನ್ನು ಒಳಗೆ ಸಿಕ್ಕಿಸಿಕೊಂಡಳು. ಇನ್ನು ಮುಚ್ಚಿಡುವುದೇನಿತ್ತು?

ಕೆಳಗೆ ಅರವತ್ತು ಮಗ್ಗಗಳು ಒಟ್ಟಿಗೆ ಬಡಿಯುತ್ತಿದ್ದವು. ಪಕ್ಕದಲ್ಲಿ ನಿಂತವರು ಕಿರುಚಿದರೂ ಕಿವಿಗೆ ಬೀಳದಷ್ಟು ಸದ್ದು. ಹೆಡ್ ಕಾನ್‌ಸ್ಟೇಬಲ್ ಎರಡು ಕೈಯಲ್ಲೂ ಕಿವಿ ಮುಚ್ಚಿಕೊಳ್ಳಲು ಹೋಗಿ ಕಲ್ಲನ್ನು ಕಾಲ ಮೇಲೆ ಬೀಳಿಸಿಕೊಳ್ಳಬೇಕಾಗಿತ್ತು, ಸ್ವಲ್ಪದರಲ್ಲಿ ತಪ್ಪಿತು.

ಅರವತ್ತು ಮಗ್ಗಗಳ ತಲೆಯ ಮೇಲೆ, ಒಂದು ಕೊನೆಯಲ್ಲಿ, ಆ ಗಾಜಿನ ಕೋಣೆ. ಉಪ್ಪಿನಜ್ಜನದೇ ಯೋಜನೆ ಅದು. ಕೂತಲ್ಲಿಂದ ಎಲ್ಲ ಮಗ್ಗ ಕಾಣಬೇಕು, ಆಡಿದ ಮಾತು ಮಾತ್ರ ಯಾರಿಗೂ ಕೇಳಬಾರದು ಎಂದು ದಪ್ಪ ಗಾಜು ಹಾಕಿಸಿದ್ದ. ನೂರು ವರ್ಷ ಆ ಮನೆತನ ತನ್ನ ಗುಟ್ಟನ್ನೆಲ್ಲ ಆ ಗಾಜಿನ ಹಿಂದೆ ನಿಶ್ಚಿಂತೆಯಿಂದ ಆಡಿಕೊಂಡು ಬಂತು.

ಮಗ್ಗದ ಸದ್ದಿನಲ್ಲಿ ಬದುಕುವ ಹೆಂಗಸರು ಕಿವಿಯಿಂದ ಕೇಳುವುದಿಲ್ಲ, ಕಣ್ಣಿಂದ ಕೇಳುತ್ತಾರೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಧ್ವನಿ ತೆಗೆಯದೆ ತುಟಿಯನ್ನು ಅಗಲಿಸಿ, ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಆಡುವುದು ಇಲ್ಲಿನ ರೂಢಿ. ತುಟಿಮಾತು ಎನ್ನುತ್ತಾರೆ. ಮೂರು ಸಾಲು ಆಚೆಯ ಮಗ್ಗದವಳ ಜೊತೆ ಮನೆಯ ಜಗಳ, ಮಗನ ಮದುವೆ, ಮೊಣಕಾಲು ನೋವು ಎಲ್ಲ ಮಾತಾಡಿ ಮುಗಿಸುತ್ತಾರೆ. ಅಂಥವರಿಗೆ ಗಾಜಿನ ಹಿಂದೆ ಬೆಳಕಿನಲ್ಲಿ ನಿಂತು ಮಾತಾಡುವ ಸಾಹುಕಾರನ ತುಟಿ ಓದುವುದು ಯಾವ ಮಹಾ ಕಷ್ಟ?

ಓದಿದರು, ಮೂರು ತಲೆಮಾರು ಓದಿದರು. ಯಾರಿಗೂ ಹೇಳಲಿಲ್ಲ. ಸಾಹುಕಾರರ ವಿರುದ್ಧ ಅವರಿಗಿದ್ದದ್ದು ಅದೊಂದೇ. ಹೇಳಿದರೆ ಅದೂ ಹೋಗುತ್ತಿತ್ತು.

ಮೇಸ್ತ್ರಿಯ ಮಗಳು ಮಾತು ಕಲಿಯುವಾಗಲೇ ಅಮ್ಮನ ಮಡಿಲಲ್ಲಿ ಕೂತು ಇದನ್ನೂ ಕಲಿತಿದ್ದಳು.

ಅವಳು ಮೂಲೆಮಗ್ಗದಜ್ಜಿಯ ಪಕ್ಕ ಹೋಗಿ ನಿಂತಳು. ಮೂಲೆಯ ಆ ಮಗ್ಗದಿಂದ ಗಾಜಿನ ಕೋಣೆ ಪೂರ್ತಿ ಕಾಣುತ್ತದೆ, ಹಿಂಬಾಗಿಲ ಹತ್ತಿರದ ದೊಡ್ಡ ಕಪಾಟಿನ ಮರೆಯೊಂದು ಬಿಟ್ಟು. ಅಜ್ಜಿಯ ಮಗಳು ಬೆಂಕಿಯಲ್ಲಿ ಸತ್ತ ಒಂಬತ್ತು ಜನರಲ್ಲಿ ಒಬ್ಬಳು. ಕೊಲೆಯಾದ ದಿನ ದೊಡ್ಡ ಸಾಹುಕಾರ ಆ ಮರೆಯಲ್ಲಿದ್ದ ಯಾರಿಗೋ ಹೇಳಿದ ಕೊನೆಯ ಮಾತನ್ನು ಓದಿದವಳೂ ಅವಳೇ: "ಬಾಗಿಲಿನ ವಿಷಯ ಸಭೇಲಿ ಹೇಳೇ ಹೇಳ್ತೀನಿ. ಮೇಸ್ತ್ರಿ ಬೀಗ ಹಾಕಿದ್ದಲ್ಲ." ಹೇಳಿ ಅವನು ಕಪಾಟಿನ ಮರೆಗೆ ಹೋದ, ಮತ್ತೆ ಈಚೆ ಬರಲಿಲ್ಲ.

"ತಲೆ ಬಗ್ಗಿಸಿ ಮಾತಾಡ್ತಿದ್ದ, ಮಗಳೇ," ಎಂದೂ ಅಜ್ಜಿ ಅವತ್ತು ಹೇಳಿದ್ದಳು. "ಎದುರಿಗಿದ್ದೋರು ಗಿಡ್ಡ ಇದ್ದ ಹಾಗೆ."

ಚಿಕ್ಕ ಸಾಹುಕಾರ ಅಣ್ಣನಷ್ಟೇ ಎತ್ತರ. "ಕುರ್ಚಿ ಮೇಲೆ ಕೂತಿದ್ದಿರಬೇಕು" ಎಂದು ಇನ್ಸ್‌ಪೆಕ್ಟರಮ್ಮ ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದಳು. ಬೇರೆ ಯಾವ ಕೇಸಿನಲ್ಲಾದರೂ ಹಾಗೆ ಬಿಡುತ್ತಿರಲಿಲ್ಲ.

ಮೇಲೆ ಕೂತಿದ್ದ ಚಿಕ್ಕ ಸಾಹುಕಾರನ ಮುಖ ಅಜ್ಜಿಗೆ ಕಂಡಿರಲಿಲ್ಲ; ಈಗ ಮಗ್ಗದಿಂದ ಕೈ ತೆಗೆಯದೆ ತುಟಿ ಅಲುಗಿಸಿದಳು. *ಒಪ್ಪಿಕೊಂಡನಾ?*

*ಅರ್ಧ ಒಪ್ಪಿಕೊಂಡ.* ಇನ್ಸ್‌ಪೆಕ್ಟರಮ್ಮನ ತುಟಿಗಳೂ ಧ್ವನಿಯಿಲ್ಲದೆ ಅಗಲವಾದವು. *ಹೊಡೆದದ್ದು ಒಪ್ತಾ ಇಲ್ಲ. ನಾಳೆ ನನ್ನ ಕೈಯಿಂದ ಕೇಸು ಹೋಗುತ್ತೆ, ಅಜ್ಜಿ.*

ಅಜ್ಜಿ ಲಾಳಿ ಬದಲಿಸಿದಳು, ನೂಲಿನ ತುದಿ ಹಿಡಿದು ಗಂಟು ಹಾಕಿದಳು. ಆಮೇಲೆ ಅವಳ ಕಣ್ಣಲ್ಲಿ ಕಣ್ಣಿಟ್ಟಳು.

*ನೀನು ಹ್ಞೂಂ ಅನ್ನು. ಅವನು ಕಲ್ಲು ಎತ್ತಿದ್ದು ನಾನು ನೋಡಿದೆ ಅಂತೀನಿ. ನಾನೊಬ್ಬಳೇ ಅಲ್ಲ, ಅರವತ್ತು ಮಗ್ಗವೂ ನೋಡಿದೆ ಅನ್ನುತ್ತೆ.*

ಆಚೆ ಮಗ್ಗದವಳು ತಲೆಯಾಡಿಸಿದಳು. ಅದರಾಚೆಯವಳೂ ತಲೆಯಾಡಿಸಿದಳು. ಮಾತು ಸಾಲಿನಿಂದ ಸಾಲಿಗೆ ಹೋಯಿತು.

ಸುಳ್ಳು ಸಾಕ್ಷಿಗೆ ಸುಳ್ಳು ಸಾಕ್ಷಿ! ಅಪ್ಪನನ್ನು ಹೇಗೆ ಕಳಿಸಿದನೋ ಹಾಗೇ ಅವನೂ ಹೋಗುತ್ತಾನೆ. ಅವಳ ಬಾಯಲ್ಲಿ ನೀರೂರಿತು ಎಂದರೆ ತಪ್ಪಲ್ಲ. ಹ್ಞೂಂ ಎನ್ನಲು ಒಂದು ಉಸಿರು ಸಾಕಿತ್ತು. ಮೈ ಮೇಲಿನ ಖಾಕಿ ನೆನಪಾಯಿತೆಂದಲ್ಲ, ಅವತ್ತು ಖಾಕಿ ಹಾಕಿರಲೂ ಇಲ್ಲ. ಯಾಕೋ ಆ ಒಂದು ಉಸಿರು ಹೊರಗೆ ಬರಲಿಲ್ಲ.

ಈ ಹೆಂಗಸರು ಅವಳನ್ನು ಮೊದಲ ದಿನವೇ ಗುರುತು ಹಿಡಿದಿದ್ದರು. ಅಪ್ಪನ ಮೇಲೆ ನಮಗೆ ಯಾರಿಗೂ ಕೋಪ ಇಲ್ಲ, ಅವನು ಒಳ್ಳೆಯವನು ಎಂದು ಒಬ್ಬೊಬ್ಬರೂ ಬಂದು ಹೇಳಿದ್ದರು. ಅಮ್ಮ ಹೇಗಿದ್ದಾಳೆ ಎಂದು ಮಾತ್ರ ಒಬ್ಬರೂ ಕೇಳಿರಲಿಲ್ಲ. ನೊಂದವಳ ಸುದ್ದಿ ಕೆದಕುವುದು ಬೇಡವೆಂದು ಸುಮ್ಮನಿದ್ದಾರೆ ಎಂದುಕೊಂಡಿದ್ದಳು.

ಅಜ್ಜಿ ಮೊಣಕೈಯಿಂದ ತಿವಿದಳು. ಮೇಲೆ ಗಾಜಿನ ಹಿಂದೆ ಚಿಕ್ಕ ಸಾಹುಕಾರ ಮಾತು ಶುರು ಮಾಡಿದ್ದ. ಅಮ್ಮನವರು ಎಂದಿನಂತೆ ಗಾಜಿಗೆ ಬೆನ್ನು ಹಾಕಿ ನಿಂತಿದ್ದರು. ಐವತ್ತು ವರ್ಷದಿಂದ ಅವರು ಆ ಕೋಣೆಗೆ ಬಂದಾಗಲೆಲ್ಲ ಹಾಗೇ ನಿಲ್ಲುವುದು. ಗರ್ವ ಎಂದು ಮಗ್ಗದವರು ಆಡಿಕೊಳ್ಳುತ್ತಿದ್ದರು. ಮಗನ ಮುಖ ಮಾತ್ರ ಹಗಲಿನಷ್ಟು ನಿಚ್ಚಳವಾಗಿ ಕಾಣುತ್ತಿತ್ತು.

*ಅಮ್ಮ, ಅವಳು ಮೇಸ್ತ್ರಿ ಮಗಳು,* ಎನ್ನುತ್ತಿದ್ದ ಅವನು. *ಕಲ್ಲು ಒರೆಸಿದ್ದು ನಾನು ಅಂತ ಒಪ್ಪಿಕೊಂಡೆ. ಅದಕ್ಕಿಂತ ಹೆಚ್ಚು ಒಂದಕ್ಷರ ಹೇಳಿಲ್ಲ. ಜೈಲಿಗೆ ಬೇಕಾದರೆ ನಾನು ಹೋಗ್ತೀನಿ.*

ಇನ್ಸ್‌ಪೆಕ್ಟರಮ್ಮ ಒಂದು ಹೆಜ್ಜೆ ಮುಂದೆ ಬಂದಳು.

*ನೀನು ಮಾತ್ರ ಬಾಯಿ ಬಿಡಬೇಡ. ಅವತ್ತು ನೀನು ಇಲ್ಲಿಗೆ ಬಂದಿದ್ದು ಯಾರೂ ನೋಡಿಲ್ಲ. ಕಪಾಟಿನ ಹಿಂದೆ ನೀನು ನಿಂತಿದ್ದು...*

ಅಮ್ಮನವರ ಕೈ ಚಾಟಿಯಂತೆ ಮೇಲೆದ್ದು ಮಗನ ಬಾಯಿ ಮುಚ್ಚಿತು.

ತಲೆ ಬಗ್ಗಿಸಿ ಮಾತಾಡುತ್ತಿದ್ದ ದೊಡ್ಡ ಸಾಹುಕಾರ. ಗಿಡ್ಡ ಆಳು. ನೆಲಕ್ಕೆ ತಾಗದ ಕೋಲು. ಎಲ್ಲ ಒಂದೇ ಏಟಿಗೆ ಅವಳಿಗೆ ಅರ್ಥವಾಯಿತು. ಹೆತ್ತ ತಾಯಿ! ಅವಳಿಗೆ ಹೇಸಿಗೆಯಾಯಿತು, ಅದರ ಹಿಂದೆಯೇ ಖುಷಿಯೂ ಆಯಿತು. ಒಬ್ಬನಲ್ಲ, ಇಬ್ಬರು. ತಾಯಿ ಕೊಲೆಗೆ, ಮಗ ಅದನ್ನು ಮುಚ್ಚಿದ್ದಕ್ಕೆ. ಉಪ್ಪಿನಜ್ಜನ ಮನೆಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ ಕೀಲಿಯನ್ನು ಹೊಳೆಗೆ ಎಸೆದ ಹಾಗೆ.

ಆದರೆ ಒಂದು ವಿಷಯ ಅವಳ ತಲೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಯಾರಿಗೂ ಕೇಳಿಸದ ಕೋಣೆಯಲ್ಲಿ, ತಾನು ಮತ್ತು ಮಗ ಇಬ್ಬರೇ ಇರುವಾಗ, ಅಮ್ಮನವರು ಅವನ ಬಾಯಿಯನ್ನು ಯಾಕೆ ಮುಚ್ಚಿದರು?

ಅಮ್ಮನವರು ಮಗನ ಬಾಯಿಂದ ಕೈ ತೆಗೆಯದೆ ನಿಧಾನವಾಗಿ ಗಾಜಿನ ಕಡೆ ತಿರುಗಿದರು. ಐವತ್ತು ವರ್ಷದಲ್ಲಿ ಮೊದಲ ಸಲ ಮಗ್ಗದ ಮನೆಗೆ ಅವರ ಮುಖ ಪೂರ್ತಿ ಕಂಡಿತು. ಅವರ ಕಣ್ಣು ಹುಡುಕಾಡಲಿಲ್ಲ. ನೇರವಾಗಿ ಮೂಲೆಮಗ್ಗಕ್ಕೆ ಬಂದು ಇನ್ಸ್‌ಪೆಕ್ಟರಮ್ಮನ ಮೇಲೆ ನಿಂತಿತು.

ಅವರು ಬಾಯಿ ತೆರೆದರು. ತುಟಿಗಳು ಅಗಲವಾದವು. ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ, ಹುಟ್ಟಿದಾಗಿನಿಂದ ಮಗ್ಗದ ಮುಂದೆ ನಿಂತವಳ ಹಾಗೆ.

*ನಾನೂ ಮಗ್ಗದವಳೇ, ಹುಡುಗಿ. ಸಾಹುಕಾರರ ಮಗ ನನ್ನ ಮದುವೆ ಆಗೋ ಮುಂಚೆ ಬೇರೆ ಊರಿನ ಮಿಲ್ಲಲ್ಲಿ ಆರು ವರ್ಷ ನೇಯ್ದಿದ್ದೀನಿ.*

ನಾಲ್ಕನೇ ಸಾಲಿನಲ್ಲಿ ಯಾರದೋ ಲಾಳಿ ಹಾರಿ ನೆಲಕ್ಕೆ ಬಿತ್ತು. ಎರಡು ಮಗ್ಗಗಳಲ್ಲಿ ನೂಲು ಹರಿಯಿತು. ಅರವತ್ತು ಮುಖಗಳೂ ಮೇಲಕ್ಕೆ ತಿರುಗಿದ್ದವು. ಕೆಳಗಿನವರು ಮೇಲಿನವರ ಗುಟ್ಟು ಓದುತ್ತಿದ್ದಷ್ಟೂ ಕಾಲ, ಮೇಲಿನಿಂದ ಒಬ್ಬರು, ಬೆನ್ನು ಹಾಕಿಯೇ, ಕಪಾಟಿನ ಗಾಜಿನ ಬಾಗಿಲಲ್ಲಿ ಮೂಡಿದ ಕೆಳಗಿನವರ ತುಟಿಗಳನ್ನೂ ಓದುತ್ತಿದ್ದರು. ಈಗ ತಾನೆ ಸಾಲಿನಿಂದ ಸಾಲಿಗೆ ಹೋದ ಮಾತನ್ನೂ.

*ಅರವತ್ತು ಮಗ್ಗದ ಸುಳ್ಳು ಸಾ​ಕ್ಷಿ ಕಟ್ಟೋಕೆ ಮುಂಚೆ,* ಎಂದವು ಅಮ್ಮನವರ ತುಟಿಗಳು, *ಒಂದು ಕೆಲಸ ಮಾಡು. ಬೆಂಕಿ ಬಿದ್ದ ದಿನ ಆ ಕೀಲಿ ಕೊನೆಗೆ ಯಾರ ಕೈಲಿತ್ತು ಅಂತ ನಿನ್ನ ಅಮ್ಮನ್ನ ಕೇಳು.*

ಇನ್ಸ್‌ಪೆಕ್ಟರಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಬೆನ್ನು ಗೋಡೆಗೆ ತಾಗಿತು.

*ಸುಳ್ಳು,* ಎಂದಳು ಅಜ್ಜಿಯ ಕಡೆ ತಿರುಗಿ. *ಸುಳ್ಳು ಅಲ್ವಾ, ಅಜ್ಜಿ? ಹೇಳು.*

ಅಜ್ಜಿಯ ಮುಖದಲ್ಲಿ ಆಶ್ಚರ್ಯದ ಸುಳಿವೂ ಇರಲಿಲ್ಲ. ಅವಳು ಹರಿದೇ ಇಲ್ಲದ ನೂಲನ್ನು ಹುಡುಕುತ್ತ ತಲೆ ತಗ್ಗಿಸಿದಳು. ಆಚೆ ಮಗ್ಗದವಳು ತಗ್ಗಿಸಿದಳು. ಅದರಾಚೆಯವಳೂ ತಗ್ಗಿಸಿದಳು. ಈ ಕೊನೆಯಿಂದ ಆ ಕೊನೆಯವರೆಗೆ ಒಬ್ಬರೂ ಅವಳ ಮುಖ ನೋಡುತ್ತಿರಲಿಲ್ಲ. ಮುಖ ನೋಡಿದರೆ ತುಟಿ ಓದಿಬಿಡುತ್ತಾಳಲ್ಲ.

ಅವರೆಲ್ಲರಿಗೂ ಗೊತ್ತಿತ್ತು. ಇಪ್ಪತ್ತೈದು ವರ್ಷದಿಂದ ಗೊತ್ತಿತ್ತು.

ಕೋರ್ಟಿನ ಕಟಕಟೆಯಲ್ಲಿ ನೆಲ ನೋಡುತ್ತ ನಿಂತ ಅಪ್ಪ ಅವಳ ಕಣ್ಣ ಮುಂದೆ ಬಂದ. ಯಾರಿಗೆ ಕೊಟ್ಟೆ ಎಂದು ಎಷ್ಟು ಕೇಳಿದರೂ ಬಾಯಿ ಬಿಡದ ಅಪ್ಪ. ಸ್ವಲ್ಪ ಹೊತ್ತಿನ ಮುಂಚೆ ಚಿಕ್ಕ ಸಾಹುಕಾರ ಕೈ ಕಟ್ಟಿಕೊಂಡು ಕೂತದ್ದೂ ಹಾಗೆಯೇ, ತಾಯಿಗೋಸ್ಕರ. ಆ ಮೌನವನ್ನು ಎಲ್ಲಿ ನೋಡಿದ್ದೆ ಎಂಬುದು ಅವಳಿಗೆ ಈಗ ನೆನಪಾಯಿತು.

ಹನ್ನೆರಡರ ಸಿಳ್ಳೆ ಕೂಗಿತು.

ಮಗ್ಗಗಳು ಒಂದೊಂದಾಗಿ ನಿಂತವು. ಕೊನೆಯ ಮಗ್ಗ ನಿಂತ ಮೇಲೆ ಆ ದೊಡ್ಡ ಮನೆಯಲ್ಲಿ ಯಾರದೋ ಬಳೆಯ ಸದ್ದು ಕೂಡ ಕೇಳುವಷ್ಟು ನಿಶ್ಶಬ್ದವಾಯಿತು. ಊಟದ ಡಬ್ಬಿಗೆ ಯಾರೂ ಕೈ ಹಾಕಲಿಲ್ಲ. ಆ ನಿಶ್ಶಬ್ದದಲ್ಲಿ ಇನ್ಸ್‌ಪೆಕ್ಟರಮ್ಮನ ಫೋನು ಹೊಡೆದುಕೊಳ್ಳತೊಡಗಿತು.

ಯಾರದೆಂದು ನೋಡುವ ಅಗತ್ಯವಿರಲಿಲ್ಲ. ಅವಳು ಕಿವಿಗಿಟ್ಟುಕೊಂಡಳು.

"ಅವನನ್ನ ಹಿಡಿದ್ಯಾ?" ಎಂದಳು ಅಮ್ಮ.

"ಅಮ್ಮಾ." ಮೇಲೆ ಗಾಜಿನ ಹಿಂದೆ ಅಮ್ಮನವರು ಅವಳ ತುಟಿಗಳನ್ನೇ ನೋಡುತ್ತಿದ್ದರು. "ಅವತ್ತು ನಿನಗೆ ಜ್ವರ ಇತ್ತಾ?"

ಆ ಕಡೆ ತಟ್ಟೆ ಸರಿಸಿದ ಸದ್ದು.

"ಕೀಲಿ ಕೊನೆಗೆ ಯಾರ ಹತ್ರ ಇತ್ತಮ್ಮ?"

ಅಮ್ಮ ಮಾತಾಡಿದಾಗ ಆ ಧ್ವನಿಯಲ್ಲಿ ಅಳುವಿರಲಿಲ್ಲ, ಗಾಬರಿಯೂ ಇರಲಿಲ್ಲ. ಮಗಳು ತನ್ನ ಮೂವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳದ ಧ್ವನಿ ಅದು.

"ಬೀಗ ಹಾಕು ಅಂದೋಳೇ ಕೊನೆಗೂ ಬಾಯಿ ಬಿಟ್ಟಳಾ?"